ಮುನಿಶಾಮಿಯ ಚಪ್ಪಲಿ

ಗೌತಮಿ ಆಗಷ್ಟೇ ಆರಿಸಿದ್ದ ಮೆಷಿನ್ ತಾನಾಗಿಯೇ ಚಾಲೂ ಆಯಿತು. ಒಳಗಿನ ಫ್ಯಾನು ಗುಂಯ್ ಎಂದದ್ದೇ ತಡ, ಅವಳು ಗುಂಡಿ ಒತ್ತಿ ಮತ್ತೆ ಆರಿಸಿ ಕಿಟಕಿಗೆ ಓಡಿದಳು. “ಮುನಿಶಾಮಣ್ಣಾ, ಅಲ್ಲೇ ನಿಲ್ಲಿ! ಮೇಲೆ ಹೋಗ್ಬೇಡಿ!”

ಹೊರಗೆ, ಪೆರೇಸಂದ್ರದ ಬಿಸಿಲಿಗೆ ಹೊಳೆಯುತ್ತಿದ್ದ ಆಂಟೆನಾದ ಏಣಿಯ ಅರ್ಧದಲ್ಲಿ ಮುನಿಶಾಮಿ ಕುಡುಗೋಲು ಹಿಡಿದು ನಿಂತ. ಆಂಟೆನಾದ ಬಾಯಿಗೆ ಕಣಜ ಗೂಡು ಕಟ್ಟಿ ಸಿಗ್ನಲ್ ಕುಂದಿತ್ತು, ಕೆಡವಲು ಹತ್ತಿದ್ದ. ಮೆಷಿನ್ ಚಾಲೂ ಆದರೆ ಅಲ್ಲಿಂದ ಉಪಗ್ರಹಕ್ಕೆ ಹೊರಡುವ ತರಂಗ ಕಣ್ಣಿಗೆ ಕಾಣುವುದಿಲ್ಲ. ಎದುರಿಗೆ ಮುಖವಿಟ್ಟರೆ ಕಣ್ಣನ್ನೇ ಬೇಯಿಸಿಬಿಡುತ್ತದೆ.

ಫೋನು ಬಡಿದುಕೊಂಡಿತು. ಬೆಂಗಳೂರಿನಿಂದ ಮ್ಯಾನೇಜರ್ ರಮೇಶ್‌ಬಾಬು.

“ಏನಮ್ಮಾ ಗೌತಮಿ, ನಾನಿಲ್ಲಿಂದ ಆನ್ ಮಾಡಿದ್ರೆ ನೀನ್ಯಾಕೆ ಆಫ್ ಮಾಡ್ತೀಯ? ಚಾನೆಲ್‌ನೋರು ಲೈವ್ ಶುರುಮಾಡ್ಬೇಕು ಅಂತ ಕೂಗಾಡ್ತಿದ್ದಾರೆ.”

“ಏಣಿ ಮೇಲೆ ಆಳಿದ್ದಾರೆ ಸರ್. ಆಗಲೇ ಮೆಸೇಜ್ ಹಾಕಿದ್ದೆ.”

“ನನ್ನ ಸ್ಕ್ರೀನಲ್ಲಿ ಎಲ್ಲಾ ಗ್ರೀನ್ ಇದೆಯಲ್ಲಮ್ಮ!”

ಇತ್ತು, ನಿಜ. ದೂರದಿಂದಲೇ ಮೆಷಿನ್ ನೋಡಿಕೊಳ್ಳುವ ಎಸ್‌ಎನ್‌ಎಂಪಿ ವ್ಯವಸ್ಥೆ ಅಳವಡಿಸಿದ ಮೇಲೆ ಇಲ್ಲಿಯ ಮೆಷಿನ್ನಿನ ಬಿಸಿ, ಬಲ, ಬಾಗಿಲು ತೆರೆದದ್ದು ಮುಚ್ಚಿದ್ದು ಎಲ್ಲವೂ ಅವನ ಪರದೆಗೆ ಹೋಗುತ್ತಿದ್ದವು. ಅಲ್ಲಿ ಕೂತೇ ಅವನು ಚಾಲೂ ಮಾಡಬಲ್ಲ, ಆರಿಸಬಲ್ಲ. ಹೊಸ್ತಿಲ ಬಳಿಯ ಚಪ್ಪಲಿ ಮಾತ್ರ ಅವನಿಗೆ ಕಾಣುತ್ತಿರಲಿಲ್ಲ. ಏಣಿ ಹತ್ತುವವರು ಚಪ್ಪಲಿಯನ್ನು ಹೊಸ್ತಿಲಲ್ಲಿ ಬಿಟ್ಟು ಹತ್ತುವುದು ಈ ಕೋಣೆಯ ಹಳೇ ರೂಢಿ. ಚಪ್ಪಲಿ ಇದೆಯೆಂದರೆ ಮೇಲೆ ಮನುಷ್ಯನಿದ್ದಾನೆ.

“ಐದೇ ನಿಮಿಷ. ಪಕ್ಕಕ್ಕೆ ಸರ್ಕೋ ಅನ್ನು ಅವನಿಗೆ,” ಎಂದ ರಮೇಶ್‌ಬಾಬು. ಅವಳು ಉತ್ತರ ಕೊಡುವ ಮೊದಲೇ ಫ್ಯಾನು ಮತ್ತೆ ಗುಂಯ್ ಎಂದಿತು.

ಗೌತಮಿ ಮೆಷಿನ್ನಿನ ಮುಂದಿನ ಸ್ವಿಚ್ಚನ್ನು ‘ರಿಮೋಟ್’ನಿಂದ ‘ಲೋಕಲ್’ಗೆ ತಿರುಗಿಸಿ ಆರಿಸಿದಳು. ಇನ್ನು ಬೆಂಗಳೂರಿನ ಯಾವ ಅಪ್ಪಣೆಯೂ ಇದರ ಕಿವಿಗೆ ಬೀಳದು. ಕಿಟಕಿಯಿಂದ ಮುನಿಶಾಮಿಗೆ ಕೈಬೀಸಿದಳು: ಇನ್ನು ಮೇಲೆ ಹತ್ತಿ.

“ಲೋಕಲ್ ಯಾಕೆ ಮಾಡ್ದೆ? ತಿರುಗ್ಸು! ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ.”

“ನಾಳೆ ಮಾತು ನಾಳೆ ಸರ್.”

“ನಿನ್ನ ಮಾತು ಬೇಡ. ವಾಟ್ಸಾಪ್ ಗ್ರೂಪಿಗೆ ಸ್ಟೇಟಸ್ ಹಾಕು, ದೊಡ್ಡೋರೂ ನೋಡ್ಲಿ,” ಎಂದು ರಮೇಶ್‌ಬಾಬು ಫೋನಿಟ್ಟ.

ಅವಳು ಹೊಸ್ತಿಲಿಗೆ ಹೋಗಿ ಮುನಿಶಾಮಿಯ ಸವೆದ ಚಪ್ಪಲಿಗಳನ್ನು ಎತ್ತಿ ತಂದಳು. ಆಯುಧಪೂಜೆಯ ಕುಂಕುಮ ಇನ್ನೂ ಅಳಿಯದ ಮೆಷಿನ್ನಿನ ನೆತ್ತಿಯ ಮೇಲಿಟ್ಟು, ಫೋಟೋ ತೆಗೆದು ಗ್ರೂಪಿಗೆ ಕಳಿಸಿದಳು.

ಮರುಗಳಿಗೆಯೇ ಫೋನು. “ಕೊಬ್ಬಾ ನಿಂಗೆ? ಪೂಜೆ ಮಾಡೋ ಮೆಷಿನ್ ಮೇಲೆ ಚಪ್ಪಲಿ! ತೆಗಿ ಮೊದಲು!”

“ನಾನು ತೆಗಿಯಲ್ಲ ಸರ್. ಮೆಟ್ಟೋರು ಇಳಿದು ಬಂದು ತೆಗೀತಾರೆ.” ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ಗೂಡು ಕೆಡವಿ ಬಂದ ಮುನಿಶಾಮಿ ಬರಿಗಾಲಲ್ಲಿ ಹೊಸ್ತಿಲನ್ನು ತಡಕಾಡಿದ. ತಲೆಯೆತ್ತಿ ಮೆಷಿನ್ ನೋಡಿದವನೇ ಬೆಚ್ಚಿದ. “ಅಯ್ಯಯ್ಯೋ, ಏಮಮ್ಮಾ ಇದಿ! ದೇವ್ರಿದ್ದಂಗೆ ಅದು...”

“ಹಾಕ್ಕೊಳಿ ಅಣ್ಣ.”

ಅವನು ಅಳುಕುತ್ತ ಚಪ್ಪಲಿಗಳನ್ನು ಇಳಿಸಿ ಒಂದನ್ನು ಮೆಟ್ಟಿದ. ಮೇಜಿನ ಮೇಲೆ ಫೋನು ನಡುಗುತ್ತಲೇ ಇತ್ತು. ಸ್ವಿಚ್ಚಿನ ಮೇಲೆ ಬೆರಳಿಟ್ಟ ಗೌತಮಿ, ಇನ್ನೂ ಬರಿದಾಗಿದ್ದ ಅವನ ಇನ್ನೊಂದು ಕಾಲನ್ನೇ ನೋಡುತ್ತ ನಿಂತಳು.