ಜಾಹೀರಾತು ಬರುವ ಮೊದಲು

ಟಿವಿಯಲ್ಲಿ ಕಾನೂನು ಪಂಡಿತರು ಹೇಳಿದ ಮಾತು ಮರುದಿನ ಹತ್ತೂವರೆಗೆ ಕೋರ್ಟು ತೆರೆಯುವ ತನಕ ಆದೇಶವೇ ಆಗಿರುತ್ತದೆ. ಹಾಗಾಗಿ ಸ್ಟುಡಿಯೋದಲ್ಲಿ ನಾನು ಕೆಮ್ಮುವುದಕ್ಕೂ ಯೋಚಿಸುತ್ತೇನೆ.

ಎದುರಿನ ಪರದೆಯಲ್ಲಿ ಒಂದು ಓಣಿ ಕಾಣುತ್ತಿತ್ತು. ಮನೆಗಳ ಮುಂದೆ ಬುಲ್ಡೋಜರ್ ನಿಂತಿತ್ತು. ಅದರ ಚಾಲಕನೂ ಓಣಿಯವರೂ ಕಟ್ಟೆಯ ಮೇಲಿಟ್ಟ ಒಂದೇ ಟಿವಿಯಲ್ಲಿ ನನ್ನನ್ನು ನೋಡುತ್ತಿದ್ದರು.

"ಮೇಡಂ, ಒಡೀಬಹುದೋ, ಒಡೀಬಾರ್ದೋ? ಒಂದ ಮಾತ ಹೇಳ್ರಿ," ಎಂದ ನಿರೂಪಕ ಮಹಾಂತೇಶ.

ಹೋದ ತಿಂಗಳೂ ಪಕ್ಕದ ಓಣಿಯ ಬಗ್ಗೆ ಹೀಗೆಯೇ ಕೇಳಿದ್ದ. "ಮೇಲ್ನೋಟಕ್ಕೆ ಒಡೆಯಬಹುದು, ಆದರೆ" ಎನ್ನುವಷ್ಟರಲ್ಲಿ ಜಾಹೀರಾತು ಬಂದಿತ್ತು. ಅದು ಮುಗಿಯುವುದರೊಳಗೆ ಹನ್ನೊಂದು ಮನೆಗಳು ನೆಲಸಮವಾಗಿದ್ದವು.

ಪರದೆಯಲ್ಲಿ ಓಣಿಯ ಗಂಗವ್ವ ವರದಿಗಾರನ ಮೈಕು ಕಸಿದುಕೊಂಡಳು. "ಅಕ್ಕಾರ, ನಿಮ್ಮ 'ಆದರೆ' ನಮ್ಮ ತಂಗಿ ಮನಿ ಬಿದ್ದಮ್ಯಾಲೆ ಬಂತ್ರಿ. ಇವತ್ತ ಅದನ್ನ ಮೊದಲ ಹೇಳಿಬಿಡ್ರಿ."

ಈ ಓಣಿಯ ಕಡತ ನನ್ನ ಕೈಗೆ ಬಂದು ಹತ್ತು ನಿಮಿಷವಾಗಿತ್ತು. ಓದಿದ್ದು ನಾಲ್ಕು ಪುಟ. ನಾಲ್ಕೂ ಒಡೆಯುವವರ ಪರವಾಗಿಯೇ ಇದ್ದವು. ಕಾರಣ ಕೈಯಲ್ಲಿಲ್ಲದೆ ಬಾಯಿ ತೆರೆಯಬೇಡಿ ಎಂದು ಇಪ್ಪತ್ತು ವರ್ಷ ಕಾನೂನು ಕಾಲೇಜಿನಲ್ಲಿ ಪಾಠ ಮಾಡಿದವಳು ನಾನು.

"ಜಾಹೀರಾತಿಗೆ ಐದ ಸೆಕೆಂಡ್ ಉಳದಾವ್ರಿ," ಎಂದ ಮಹಾಂತೇಶ.

ಚಾಲಕ ಸೀಟು ಹತ್ತಿ ಎಂಜಿನ್ ಶುರು ಮಾಡಿದ.

"ಒಡೆಯಕೂಡದು," ಎಂದೆ.

"ಯಾಕ್ರಿ ಮೇಡಂ?"

ನಾನು ಬಾಯಿ ತೆರೆಯುವಷ್ಟರಲ್ಲಿ ಸಾಬೂನಿನ ಜಾಹೀರಾತು ಬಂತು. ಎದುರಿನ ಪರದೆಯಲ್ಲಿ ಚಾಲಕ ಎಂಜಿನ್ ಆರಿಸಿ ಕೆಳಗಿಳಿದ. ನಾನು ಐದನೇ ಪುಟ ತಿರುವಿದೆ. ಕಾರಣ ಹುಡುಕಲು ನಾಳೆ ಹತ್ತೂವರೆವರೆಗೆ ಸಮಯವಿತ್ತು.