ದಿಂಬಿನ ಕವರಿನ ಬಳ್ಳಿ

ಹರದನಹಳ್ಳಿಯ ನಡುಮನೆಯಲ್ಲಿ ಆ ಮಧ್ಯಾಹ್ನ ಇದ್ದವರು ಮೂವರೇ: ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ, ಟ್ರಂಕಿನಿಂದ ತೆಗೆದ ದಿಂಬಿನ ಕವರನ್ನು ತೊಡೆಯ ಮೇಲೆ ಹರಡಿಕೊಂಡಿದ್ದ ಸೋದರತ್ತೆ, ಒಂಬತ್ತು ವರ್ಷದ ನಾನು. ನುಸಿಗುಳಿಗೆಯ ವಾಸನೆ ಬಂದರೆ ಈಗಲೂ ನನಗೆ ಆ ಕವರೇ ನೆನಪಾಗುತ್ತದೆ.

ಮರುದಿನ ಅತ್ತೆಯನ್ನು ನೋಡಲು ಅರಕಲಗೂಡಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಆ ವರ್ಷ ಅದು ಐದನೆಯ ಸಲ. ಬಂದವರಿಗೆಲ್ಲ ಅಜ್ಜಿ ಅದೇ ಕವರು ತೋರಿಸುತ್ತಿದ್ದರು. ಪ್ರತಿ ಸಲವೂ ಅತ್ತೆ ಅದಕ್ಕೊಂದು ಕಸೂತಿ ಹೂವೋ ಬಳ್ಳಿಯೋ ಸೇರಿಸಬೇಕಿತ್ತು.

"ನನ್ ಕೈ ಬಿದ್ದೋಗದೆ ಕಣ್ ಮಗ. ಈ ಸತಿ ಬಳ್ಳಿ ನೀನೇ ಆಕು," ಎಂದು ಅತ್ತೆ ಸೂಜಿ ಕೊಟ್ಟರು. ದಾರದ ಕುಣಿಕೆಯನ್ನು ಹೆಬ್ಬೆರಳಲ್ಲಿ ಒತ್ತಿ, ಅದರೊಳಗಿಂದಲೇ ಸೂಜಿ ಎತ್ತುವ ಸರಪಳಿ ಹೊಲಿಗೆ. "ಕೊನೇ ಕುಣಿಕೆಗೆ ಕಟ್ಟು ಆಕ್ಬೇಕು. ಇಲ್ದಿದ್ರೆ ಒಂದೊಂದಾಗಿ ಎಲ್ಲಾ ಬಿಚ್ಕೋತದೆ."

ಬಳ್ಳಿ ಮುಗಿಯುವಾಗ ದಾರ ಸಾಲಲಿಲ್ಲ. "ಅತ್ತೆ, ಕಟ್ಟು ಆಕಿಲ್ಲ," ಎಂದೆ.

ಅತ್ತೆ ಅಜ್ಜಿಯ ಕಡೆ ಒಮ್ಮೆ ನೋಡಿ ಕವರು ಮಡಚಿದರು. "ಇರ್ಲಿ ಬುಡು. ಸುಮ್ಕಿರು."

ಮರುದಿನ ಗಂಡಿನ ತಾಯಿ ಕೊನೆಯ ಕುಣಿಕೆಯನ್ನು ಉಗುರಿನಿಂದ ಎತ್ತಿ ನೋಡಿದರು. ಅದು ಬಿಚ್ಚಿತು. ಹಿಂದಿನದನ್ನು ಎತ್ತಿದರು, ಅದೂ ಬಿಚ್ಚಿತು. ನೋಡುತ್ತಿದ್ದಂತೆ ಅರ್ಧ ಬಳ್ಳಿ ಅವರ ಮಡಿಲಲ್ಲಿತ್ತು.

"ಯಾರಮ್ಮ ಇದ ಆಕ್ದೋರು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ "ನಾನೇ" ಎಂದರು.

ಗಂಡಿನ ಕಡೆಯವರು ಕಾಫಿ ಮುಗಿಸಿ ಎದ್ದು ಹೋದರು. ಅಜ್ಜಿ ಬಾಗಿಲಲ್ಲೇ ನಿಂತು ಬೈಯುತ್ತಿದ್ದಾಗ, ಅತ್ತೆ ಉಟ್ಟ ರೇಷ್ಮೆ ಸೀರೆಯಲ್ಲೇ ಚಾಪೆಯ ಮೇಲೆ ಒರಗಿ, ದೀಪ ಹಚ್ಚುವ ಹೊತ್ತಿನವರೆಗೆ ನಿದ್ದೆ ಮಾಡಿದರು.