ತುಂಬು ಬಿಡಿಸುವುದು

"ಇದನ್ನು ಅಳಿಸಿ" ಎಂದರು ಮನೋಹರ ಸಾಹೇಬರು, ಕೈಯಲ್ಲಿದ್ದ ಪೆನ್ನನ್ನು ಕರಿಹಲಗೆಯತ್ತ ಚಾಚಿ. ಶಾಲೆಗಳ ಪರಿಶೀಲನೆಯ ಹುದ್ದೆಗೆ ತುಮಕೂರು ಕಡೆಯಿಂದ ವರ್ಗವಾಗಿ ಬಂದು ಅವರಿಗಿನ್ನೂ ತಿಂಗಳು ತುಂಬಿರಲಿಲ್ಲ. ಬ್ಯಾಡಗಿಯ ಮೆಣಸಿನ ಘಾಟಿಗೆ ಮಾತಿಗೊಮ್ಮೆ ಸೀನುತ್ತಿದ್ದರು. ಹಲಗೆಯ ಮೇಲೆ ಎಂಟನೆಯ ತರಗತಿಯ ಸುಶ್ಮಿತಾ ಬರೆದ ಒಂದೇ ಸಾಲು ಇತ್ತು: ನಮ್ಮವ್ವ ದಲಾಲರ ಅಂಗಡ್ಯಾಗ ತುಂಬು ಬಿಡಸ್ತಾಳ.

ನಾಗರತ್ನಾ ಟೀಚರು ಡಸ್ಟರ್ ಮುಟ್ಟಲಿಲ್ಲ. ಜೂನ್ ತಿಂಗಳಿಂದ ಹಾಜರಿಗೆ ಓಗೊಡುವುದೊಂದನ್ನು ಬಿಟ್ಟರೆ ಆ ಹುಡುಗಿ ತರಗತಿಯಲ್ಲಿ ತುಟಿ ಬಿಚ್ಚಿದವಳಲ್ಲ. ಹಿಂದಿನ ಶಾಲೆಯಲ್ಲಿ ಯಾರೋ ಅವಳ ಮಾತಿಗೆ ನಕ್ಕಿದ್ದರಂತೆ. ಇವತ್ತು, ಸಾಹೇಬರ ಜೀಪು ಬರುವ ಹತ್ತು ನಿಮಿಷ ಮೊದಲು, ತಾನಾಗಿಯೇ ಎದ್ದು ಒಂದು ವಾಕ್ಯ ಹೇಳಿದ್ದಳು, ತಾನೇ ಬಂದು ಬರೆದಿದ್ದಳು. ಅದನ್ನೀಗ ಒರೆಸಿದರೆ ಆ ಬಾಯಿ ಮತ್ತೆ ತೆರೆಯುವುದಿಲ್ಲ ಎಂದು ಟೀಚರಿಗೆ ಗೊತ್ತಿತ್ತು. ಮೊದಲು ಹೆದರಿಕೆಯಾಯಿತು, ಹಿಂದೆಯೇ ಸಿಟ್ಟು ಬಂತು.

"ನಾ ಅಳಸಾಕ ಬರಂಗಿಲ್ರಿ ಸರ್" ಅಂದರು. ತಮ್ಮ ತರಗತಿಯ ಕಟ್ಟಳೆಯನ್ನು ವಿವರಿಸಿದರು. ಮೊದಲು ಎದ್ದು ಹೇಳಬೇಕು, ಹೇಳಿದ್ದನ್ನೇ ಹಲಗೆಯ ಮೇಲೆ ಬರೆಯಬೇಕು, ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ಆಮೇಲೆ ಎಲ್ಲರೂ ಸೇರಿ ಅದರ ಕೆಳಗೆ ಪುಸ್ತಕದ ಕನ್ನಡದಲ್ಲಿ ಬರೆಯುವುದು. ಯಾರ ಮಾತನ್ನೇ ಆಗಲಿ, ಹೇಳಿದವರೇ ಅಳಿಸಬೇಕು, ಟೀಚರೂ ಮುಟ್ಟುವಂತಿಲ್ಲ. ಹೋದ ವರ್ಷ 'ನನ್ನ ಊರು' ಎಂದು ಪ್ರಬಂಧ ಕೊಟ್ಟರೆ ನಲವತ್ತು ಮಕ್ಕಳೂ ಗೈಡು ನೋಡಿ ಊರ ಪಕ್ಕದಲ್ಲಿ ಒಂದು ನದಿ ಹರಿಸಿದ್ದರು. ಬ್ಯಾಡಗಿಯಲ್ಲಿ ಆ ನದಿಯನ್ನು ಕಂಡವರು ಒಬ್ಬರೂ ಇರಲಿಲ್ಲ. ಅಂದಿನಿಂದ ಈ ಕಟ್ಟಳೆ.

ಸಾಹೇಬರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳ ಸುಲಭವಿತ್ತು. ಮಾತಿಗೆ ಆಟದ ಬಯಲಿದೆ, ಬರಹಕ್ಕೆ ತರಗತಿಯಿದೆ, ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ, ಪರೀಕ್ಷೆಯಲ್ಲಿ 'ಬಿಡಸ್ತಾಳ' ಅಂತ ಬರೆದರೆ ಅಂಕ ಕೊಡುವವರು ಯಾರು ಎಂದು ಸಮಾಧಾನದಿಂದಲೇ ಕೇಳಿದರು. ಟೀಚರು ಒಪ್ಪದಿದ್ದಾಗ ಮಾತ್ರ ಮುಖ ಗಂಟಾಯಿತು.

"ವರದಿಯಲ್ಲಿ ಬರೀಬೇಕಾಗುತ್ತೆ ಮೇಡಂ."

"ಬರೀರಿ ಸರ್. ಬರದ ಮ್ಯಾಲ ಗಟ್ಟ್ಯಾಗಿ ಓದ್ರಿ, ನಮ್ಮ ಮಕ್ಕಳೂ ಕೇಳ್ಲಿ. ಬಾಯಿ ಮುಚ್ಚಿಸಿ ಕೈಗೆ ಬರೀ ಅಂದ್ರ ಅದು ಏನ ಬರದೀತ್ರಿ?"

ಸಾಹೇಬರು ಸೀಮೆಸುಣ್ಣ ಎತ್ತಿಕೊಂಡು, ಸುಶ್ಮಿತಾಳ ಸಾಲಿನ ಕೆಳಗೆ ದುಂಡು ಅಕ್ಷರದಲ್ಲಿ ಬರೆದರು: ನಮ್ಮ ತಾಯಿಯವರು ದಲಾಲರ ಅಂಗಡಿಯಲ್ಲಿ ಚೀಲ ತುಂಬುತ್ತಾರೆ. ಬರೆದದ್ದನ್ನು ಓದಿಯೂ ಹೇಳಿದರು. 'ತುಂಬು' ಒಂದು ಕ್ರಿಯಾಪದ, 'ಬಿಡಿಸು' ಇನ್ನೊಂದು, ಎರಡೂ ಒಟ್ಟಿಗೆ ಬಂದು ವಾಕ್ಯಕ್ಕೆ ಅರ್ಥವೇ ಇರಲಿಲ್ಲ ಎಂದು ತಿದ್ದಿದ ಕಾರಣವನ್ನೂ ಕೊಟ್ಟರು. ಬೆಂಚುಗಳಲ್ಲಿ ಗುಜುಗುಜು ಎದ್ದಿತು. ಟೀಚರಿಗೆ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಹೇಳಬೇಕಾದವರು ತಾವಲ್ಲವೆಂದು ಸುಶ್ಮಿತಾಳತ್ತ ನೋಡಿದರು. ನಿಮ್ಮ ಕಟ್ಟಳೆಯಂತೆಯೇ ಆಗಲಿ ಎಂದು ಸಾಹೇಬರು ಸುಶ್ಮಿತಾಳನ್ನು ಹಲಗೆಯ ಬಳಿ ಕರೆದು ಡಸ್ಟರನ್ನು ಅವಳ ಕೈಗೇ ಕೊಟ್ಟು, ಮೇಲಿನ ಸಾಲು ಅಳಿಸಲು ಹೇಳಿದರು.

ಅವಳು ತನ್ನ ಸಾಲು ನೋಡಿದಳು, ಕೆಳಗಿನದನ್ನು ತುಟಿ ಅಲುಗಿಸುತ್ತ ಓದಿಕೊಂಡಳು. ಟೀಚರು ನೋಡಲಾರದೆ ಕಿಟಕಿಯತ್ತ ತಿರುಗಿದರು. ಹುಡುಗಿ ಡಸ್ಟರ್ ಹಿಡಿದುಕೊಂಡೇ ಬೆಂಚಿಗೆ ಹೋಗಿ, ತನ್ನ ನೋಟ್‌ಬುಕ್ ತಂದು ಮೇಜಿನ ಮೇಲೆ ಕೊಡವಿದಳು. ಹಾಳೆಗಳ ಸಂದಿಯಿಂದ ನಾಲ್ಕೈದು ಒಣ ತೊಟ್ಟುಗಳು ಉದುರಿದವು. ಅವ್ವನ ಸೀರೆಗೆ ಸಿಕ್ಕಿಕೊಂಡು ದಿನಾ ಮನೆಗೆ ಬಂದು, ಹಾಸಿಗೆ, ಪಾಟಿಚೀಲ ಅನ್ನದೆ ಎಲ್ಲ ಕಡೆ ಸೇರಿಕೊಳ್ಳುವಂಥವು.

"ಇದಕ್ಕ ತುಂಬು ಅಂತಾರ್ರಿ ಸರ್, ಮೆಣಸಿನಕಾಯಿದು" ಅಂದಳು. ದನಿ ಸಣ್ಣದಿತ್ತು, ನಡುವೆ ಎಲ್ಲೂ ನಿಲ್ಲಲಿಲ್ಲ. "ಒಂದೊಂದ ಕಾಯಿ ಹಿಡದು ಇದನ್ನ ಬಿಡಸಬೇಕ್ರಿ. ನಮ್ಮವ್ವಗ ರಾತ್ರಿಗೆ ಉಗುರು ಉರೀತಾವ್ರಿ. ಚೀಲ ತುಂಬೋರು ಹಮಾಲರ್ರಿ, ನಮ್ಮವ್ವಲ್ಲ."

ಒಟ್ಟು ನಾಲ್ಕು ವಾಕ್ಯ. ಟೀಚರು ಕಿಟಕಿಯತ್ತ ತಿರುಗಿ ನಿಂತೇ ಎಣಿಸಿದ್ದರು, ಅವರ ಕಣ್ಣು ತುಂಬಿ ಬಂದಿತ್ತು. ಸಾಹೇಬರು ಒಂದು ತುಂಬನ್ನು ಎತ್ತಿ ಹತ್ತಿರ ಹಿಡಿದು ನೋಡಿದರು. ಸೀನು ಬಂತು. ಯಾರೂ ನಗಲಿಲ್ಲ. ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು, ತಮಗೆ ಗೊತ್ತಿರಲಿಲ್ಲ, ಹಾಗಾದರೆ ಕೆಳಗಿನ ಸಾಲನ್ನೇ ಅಳಿಸಿಬಿಡಮ್ಮ ಎಂದರು.

ಸುಶ್ಮಿತಾ ಡಸ್ಟರನ್ನು ಅವರತ್ತ ಚಾಚಿದಳು.

"ಅದನ್ನ ನಾ ಹೇಳಿಲ್ರಿ ಸರ್. ಹೇಳಿದವರಽ ಅಳಸಬೇಕ್ರಿ."